ದರ ಕೇಳುವ ಮೊದಲು ದಾರಿ ಕೇಳಿ: ಬಾಗಲಕೋಟೆ ಜಿಲ್ಲೆಯ ನಗರಸಭೆ, ಪುರಸಭೆಗಳಿಗೊಂದು ಬಹಿರಂಗ ಪತ್ರ

ಬಾಗಲಕೋಟೆ ಜಿಲ್ಲೆಯ ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳ ಪೌರಾಯುಕ್ತರು, ಮುಖ್ಯಾಧಿಕಾರಿಗಳು, ಎಂಜಿನಿಯರರು ಹಾಗೂ ಚುನಾಯಿತ ಸದಸ್ಯರಿಗೆ,

ಮಾನ್ಯರೆ,

ನಿಮ್ಮ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಮುಂದಿನ ಬಾರಿ ಟೆಂಡರ್ ಕರೆಯುವಾಗ ಮೊದಲ ಸುತ್ತಿನಲ್ಲಿ ದರ ಕೇಳಬೇಡಿ. ಯಾವ ಪದ್ಧತಿಯಿಂದ ನೀರನ್ನು ಶುದ್ಧ ಮಾಡುತ್ತೀರಿ, ಅದಕ್ಕೆ ಎಷ್ಟು ಜಾಗ ಬೇಕು, ಎಷ್ಟು ಕರೆಂಟು ಹಿಡಿಯುತ್ತದೆ, ಉಳಿಯುವ ರಾಡಿಯನ್ನು ಎಲ್ಲಿ ಹಾಕುತ್ತೀರಿ ಎಂದಷ್ಟೇ ಕೇಳಿ. ಬಂದ ಉತ್ತರಗಳನ್ನು ಓದಿ, ಉತ್ತರ ಕೊಟ್ಟ ಎಲ್ಲರೊಡನೆಯೂ ಕುಳಿತು ಮಾತನಾಡಿ, ನಿಮ್ಮ ಟೆಂಡರ್ ದಾಖಲೆಯಲ್ಲಿ ಕೊರತೆ ಕಂಡರೆ ತಿದ್ದಿ. ಆಮೇಲೆ ಎರಡನೆಯ ಸುತ್ತಿನಲ್ಲಿ ದರ ಕೇಳಿ. ಇದನ್ನೇ ಎರಡು ಹಂತದ ಟೆಂಡರ್ ಎನ್ನುತ್ತಾರೆ. ಇದೊಂದನ್ನು ಕೇಳಿಕೊಳ್ಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಿವಿಲ್ ಎಂಜಿನಿಯರ್. ವೃತ್ತಿಯ ಬಹುಪಾಲನ್ನು ಟೆಂಡರ್ ಕಾಗದಗಳ ನಡುವೆ ಕಳೆದವನು. ಗುತ್ತಿಗೆದಾರರ ಪರವಾಗಿ ಅಂದಾಜು ಪಟ್ಟಿ ಓದುವುದು, ಷರತ್ತುಗಳ ಮೇಲೆ ಪ್ರಶ್ನೆ ಬರೆದು ಕಳುಹಿಸುವುದು, ಕೊನೆಯ ದಿನದ ಸಂಜೆ ಡಿಜಿಟಲ್ ಸಹಿ ಹಾಕಿ ಪೋರ್ಟಲ್‌ಗೆ ಕಡತ ಏರಿಸುವುದು ನನ್ನ ಕೆಲಸವಾಗಿತ್ತು. ಈಗ ನಿವೃತ್ತನಾಗಿ ನವನಗರದಲ್ಲಿದ್ದೇನೆ. ಯಾವ ಕಂಪನಿಯ ಜೊತೆಗೂ ನನಗೆ ಇಂದು ವ್ಯವಹಾರವಿಲ್ಲ.

ನಮ್ಮದು ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಹರಿಯುವ ಜಿಲ್ಲೆ. ಊರಿನ ಚರಂಡಿ ಹಳ್ಳಕ್ಕೆ ಸೇರುತ್ತದೆ, ಹಳ್ಳ ಹೊಳೆಗೆ ಸೇರುತ್ತದೆ, ಹೊಳೆ ಆಲಮಟ್ಟಿಯ ಹಿನ್ನೀರಿಗೋ ನಾರಾಯಣಪುರದ ಹಿನ್ನೀರಿಗೋ ಸೇರುತ್ತದೆ. ಅದೇ ನೀರು ಮತ್ತೆ ಪೈಪಿನಲ್ಲಿ ಏರಿ ನಮ್ಮ ನಲ್ಲಿಗಳಿಗೆ ಬರುತ್ತದೆ. ಜೊತೆಗೆ ರಬಕವಿ-ಬನಹಟ್ಟಿ, ಇಳಕಲ್, ಗುಳೇದಗುಡ್ಡದಂಥ ನೇಕಾರರ ಊರುಗಳಿವೆ. ಅಲ್ಲಿ ಮನೆಯ ಬಚ್ಚಲ ನೀರಿನ ಜೊತೆ ನೂಲಿಗೆ ಬಣ್ಣ ಹಾಕಿದ ನೀರೂ ಬೆರೆಯುತ್ತದೆ. ಒಂದು ಊರಿಗೆ ಹೊಂದಿದ ಘಟಕ ಪಕ್ಕದ ಊರಿಗೆ ಹೊಂದಲೇಬೇಕೆಂದಿಲ್ಲ. ಹೀಗಿರುವಾಗ ಯಾವ ಪದ್ಧತಿ ಬೇಕೆಂಬುದನ್ನು ಕಚೇರಿಯ ಮೇಜಿನ ಮೇಲೆ ಮೊದಲೇ ತೀರ್ಮಾನಿಸಿ, ಆಮೇಲೆ ಅದಕ್ಕೆ ಕಡಿಮೆ ದರ ಹೇಳುವವರನ್ನು ಹುಡುಕುವುದು ನಮಗೆ ಬಹಳ ದುಬಾರಿಯಾಗಿದೆ.

ಈಗ ನಡೆಯುತ್ತಿರುವ ಕ್ರಮ ನಿಮಗೆ ಗೊತ್ತಿರುವುದೇ. ಸದಸ್ಯರಲ್ಲಿ ಹೊಸಬರಿರಬಹುದಾದ್ದರಿಂದ ಚುಟುಕಾಗಿ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ಖರೀದಿಯೆಲ್ಲ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರ ಅಡಿಯ 2000ದ ನಿಯಮಗಳ ಪ್ರಕಾರ ನಡೆಯುತ್ತದೆ. ದೊಡ್ಡ ಕಾಮಗಾರಿಗೆ ಸಾಮಾನ್ಯವಾಗಿ ಎರಡು ಲಕೋಟೆ. ಮೊದಲನೆಯದರಲ್ಲಿ ಕಂಪನಿಯ ವಹಿವಾಟು, ಹಿಂದೆ ಮಾಡಿದ ಕೆಲಸದ ಪ್ರಮಾಣಪತ್ರ, ಯಂತ್ರೋಪಕರಣಗಳ ಪಟ್ಟಿ, ಠೇವಣಿಯ ವಿವರ. ಎರಡನೆಯದರಲ್ಲಿ ದರ. ಎರಡನ್ನೂ ಒಂದೇ ದಿನ ಸಲ್ಲಿಸಬೇಕು. ಮೊದಲ ಲಕೋಟೆಯಲ್ಲಿ ಅರ್ಹರಾದವರ ದರದ ಲಕೋಟೆಯನ್ನಷ್ಟೇ ತೆರೆಯುತ್ತಾರೆ. ಅವರಲ್ಲಿ ಕಡಿಮೆ ದರದವರು ಎಲ್-1. ಕೆಲಸ ಅವರಿಗೆ.

ಈ ಪದ್ಧತಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಏನು ಕಟ್ಟಬೇಕು ಎಂಬುದು ನಿಮಗೆ ಇಂಚಿಂಚೂ ಗೊತ್ತಿದ್ದಾಗ ಇದಕ್ಕಿಂತ ಚೊಕ್ಕವಾದ ಕ್ರಮ ಇಲ್ಲ. ಆದರೆ ಎರಡು ಲಕೋಟೆಯ ಟೆಂಡರ್ ಕರೆದ ಮಾತ್ರಕ್ಕೆ ತಂತ್ರಜ್ಞಾನವನ್ನೂ ಪರೀಕ್ಷಿಸಿದ್ದೇವೆ ಎಂದು ಹಲವರು ನಂಬಿದ್ದಾರೆ. ಅಲ್ಲಿ ಪರೀಕ್ಷೆಯಾಗುವುದು ಕಂಪನಿಯ ಅರ್ಹತೆ, ನಿಮ್ಮ ವಿನ್ಯಾಸದ ಯೋಗ್ಯತೆಯಲ್ಲ. ಟೆಂಡರ್ ಪ್ರಕಟವಾದ ಹೊತ್ತಿಗೇ ವಿನ್ಯಾಸ ಗಟ್ಟಿಯಾಗಿರುತ್ತದೆ. ಅದು ತಪ್ಪಾಗಿದ್ದರೆ ಬಂದ ಎಲ್ಲರೂ ಆ ತಪ್ಪಿಗೇ ದರ ಹೇಳುತ್ತಾರೆ.

ನಮ್ಮ ಭಾಗದ ನೇಕಾರಿಕೆಯ ಊರೊಂದರಲ್ಲಿ ನಡೆದದ್ದನ್ನು ಹೇಳಬೇಕು. ಊರಿನ ಹೆಸರು ಬೇಡ. ಅಲ್ಲಿದ್ದ ಅಧಿಕಾರಿಗಳನ್ನು ದೂರುವುದು ನನ್ನ ಉದ್ದೇಶವಲ್ಲ.

ಶುದ್ಧೀಕರಣ ಘಟಕಕ್ಕೆ ಟೆಂಡರ್ ಕರೆದಿದ್ದರು. ಗಾಳಿ ಊದುವ ತೊಟ್ಟಿಯಲ್ಲಿ ಪ್ಲಾಸ್ಟಿಕ್ ಬಿಲ್ಲೆಗಳನ್ನು ತೇಲಿಬಿಟ್ಟು, ಅವುಗಳ ಮೈಮೇಲೆ ಸೂಕ್ಷ್ಮಜೀವಿಗಳನ್ನು ಬೆಳೆಸುವ ಎಂಬಿಬಿಆರ್ ಪದ್ಧತಿಯೇ ಆಗಬೇಕು ಎಂದು ದಾಖಲೆಯಲ್ಲಿತ್ತು. ಬಿಲ್ಲೆಯ ವ್ಯಾಸ, ಒಳಗಿನ ಗೆರೆಗಳ ಸಂಖ್ಯೆ, ಒಂದು ಘನ ಮೀಟರಿಗೆ ಸಿಗಬೇಕಾದ ಮೇಲ್ಮೈ ಎಲ್ಲವೂ ಅಂಕಿಯಲ್ಲಿ ನಮೂದಾಗಿದ್ದವು. ಒಂದು ತಯಾರಕರ ಕೈಪಿಡಿಯಲ್ಲಿದ್ದ ಅಂಕಿಗಳೇ ಅವು, ದಶಮಾಂಶದ ಸಮೇತ. ದಾಖಲೆಯ ಕೊನೆಯ ಅನುಬಂಧದಲ್ಲಿ ಊರಿನ ಕೊಳಚೆ ನೀರಿನ ಪರೀಕ್ಷಾ ವರದಿಯಿತ್ತು. ಬಿಒಡಿ (ನೀರಿನಲ್ಲಿ ಕೊಳೆಯುವ ಹೊಲಸು ಎಷ್ಟಿದೆ ಎಂಬುದರ ಅಳತೆ), ತೇಲುವ ಕಣಗಳು, ಕ್ಷಾರದ ಪ್ರಮಾಣ ಎಲ್ಲವೂ ಮಾಮೂಲು. ವರದಿಯ ಮೂಲೆಯಲ್ಲಿ ಮಾದರಿ ತೆಗೆದ ದಿನಾಂಕವಿತ್ತು. ಪಂಚಾಂಗ ತೆಗೆದು ನೋಡಿದರೆ ಅಂದು ಅಮಾವಾಸ್ಯೆ. ಆ ಊರಿನಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ, ಬಣ್ಣದ ಕಡಾಯಿಗಳೂ ಆರಿರುತ್ತವೆ.

ಟೆಂಡರ್ ಪೂರ್ವಭಾವಿ ಸಭೆಗೆ ನಾನು ಒಬ್ಬ ಸಣ್ಣ ಗುತ್ತಿಗೆದಾರರ ಪರವಾಗಿ ಹೋಗಿದ್ದೆ. ಬೇರೊಂದು ಕಂಪನಿಯಿಂದ ಬಂದಿದ್ದ ಯುವ ಎಂಜಿನಿಯರ್ ಹಿಂದಿನ ಸಂಜೆಯೇ ಹಳ್ಳದ ಗುಂಟ ನಡೆದು ನೋಡಿದ್ದ. ಸಭೆಯಲ್ಲಿ ಚೀಲದಿಂದ ಒಂದು ನೀರಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಒಳಗಿನ ನೀರು ನೇರಳೆ ಹಣ್ಣು ಹಿಂಡಿದ ಬಣ್ಣಕ್ಕಿತ್ತು. "ಸರ್, ಹತ್ತಿ ನೂಲಿಗೆ ಹಾಕುವ ಬಣ್ಣ ಇದು. ಬಣ್ಣ ಹಿಡಿಯಲು ಉಪ್ಪು, ಸೋಡಾ ಹಾಕಿರುತ್ತಾರೆ. ಸೂಕ್ಷ್ಮಜೀವಿಗಳು ಇದನ್ನು ತಿನ್ನುವುದಿಲ್ಲ. ಬಣ್ಣದ ನೀರನ್ನು ಬೇರೆ ಕಡೆಯೇ ಹಿಡಿದು ಮೊದಲು ಸಂಸ್ಕರಿಸಲು ಅವಕಾಶ ಕೊಡುತ್ತೀರಾ?" ಎಂದು ಕೇಳಿದ. ಪ್ರಶ್ನೆಯನ್ನು ಬರಹದಲ್ಲೂ ಕೊಟ್ಟ. ಕೆಲವು ದಿನಗಳ ನಂತರ ಪೋರ್ಟಲ್‌ನಲ್ಲಿ ಉತ್ತರಗಳ ಕೋಷ್ಟಕ ಬಂತು. ಎಡಗಡೆ ಎಲ್ಲರ ಪ್ರಶ್ನೆಗಳು. ಬಲಗಡೆ ಮೇಲಿನಿಂದ ಕೆಳಗಿನವರೆಗೆ ಒಂದೇ ಉತ್ತರ: "ಟೆಂಡರ್ ಷರತ್ತಿನಂತೆ."

ಅಧಿಕಾರಿಗಳು ಉಡಾಫೆಯಿಂದ ಹಾಗೆ ಬರೆದರೆಂದು ನಾನು ತಿಳಿದಿಲ್ಲ. ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ ಸಿಕ್ಕಿದ್ದು ಆ ಒಂದೇ ಪದ್ಧತಿಯ ಮೇಲೆ. ಪದ್ಧತಿ ಬದಲಿಸಬೇಕೆಂದರೆ ಪಟ್ಟಿ ಮತ್ತೆ ಮೇಲಿನ ಕಚೇರಿಗೆ ಹೋಗಬೇಕು, ಮತ್ತೆ ಮಂಜೂರಾಗಬೇಕು. ಅಷ್ಟರಲ್ಲಿ ಮಾರ್ಚ್ 31 ಬರುತ್ತದೆ, ಅನುದಾನ ವಾಪಸು ಹೋಗುತ್ತದೆ. ಪ್ರಶ್ನೆ ಸರಿಯಾಗಿತ್ತು, ಕೇಳಿದ ಹೊತ್ತು ಮಾತ್ರ ತಡವಾಗಿತ್ತು. ಆ ಪ್ರಶ್ನೆಯನ್ನು ಕೇಳಲೆಂದೇ ಟೆಂಡರ್‌ನೊಳಗೆ ಒಂದು ಹಂತ ಇರಬೇಕಿತ್ತು.

ಘಟಕ ಎದ್ದಿತು. ಉದ್ಘಾಟನೆಯೂ ಆಯಿತು. ಆಮೇಲೊಮ್ಮೆ ಆ ಕಡೆ ಹೋದಾಗ ತೊಟ್ಟಿಯಿಂದ ಹೊರಬೀಳುವ ನೀರು ತಿಳಿಯಾಗಿಯೇನೋ ಇತ್ತು, ನೇರಳೆ ಬಣ್ಣ ಮಾತ್ರ ಹಾಗೆಯೇ ಇತ್ತು. ಗಾಳಿ ಊದುವ ಯಂತ್ರಗಳು ನಿಂತಿದ್ದವು. ಕರೆಂಟಿನ ಬಿಲ್ಲು ಬಾಕಿ ಇದೆ, ರಾತ್ರಿ ಮಾತ್ರ ಹಚ್ಚುತ್ತೇವೆ ಎಂದು ಕಾವಲುಗಾರ ಹೇಳಿದ. ಕೆಳಗಿನ ಹೊಲದ ರೈತರು ಅದೇ ಹಳ್ಳಕ್ಕೆ ಮೋಟಾರು ಇಟ್ಟು ಕಬ್ಬಿಗೆ ನೀರು ಎತ್ತುತ್ತಿದ್ದರು. ಸವಳು-ಜವಳಿನಿಂದ ಎಷ್ಟು ಜಮೀನು ಕೆಟ್ಟಿದೆ ಎಂಬುದನ್ನು ಈ ಜಿಲ್ಲೆಯ ರೈತರಿಗೆ ನಾನು ಹೇಳಬೇಕಿಲ್ಲ. ಅಂಥ ನೆಲಕ್ಕೆ ಉಪ್ಪಿನ ನೀರನ್ನು ನಾವೇ ಸರ್ಕಾರದ ಖರ್ಚಿನಲ್ಲಿ ಹಾಯಿಸುತ್ತಿದ್ದೇವೆ.

ಎರಡು ಹಂತದ ಟೆಂಡರ್ ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ 2011ರಲ್ಲಿ ಹೊರತಂದ ಸಾರ್ವಜನಿಕ ಖರೀದಿಯ ಮಾದರಿ ಕಾನೂನಿನಲ್ಲಿ ಇದರ ಕ್ರಮವಿದೆ. ದೊಡ್ಡ ಯಂತ್ರಸ್ಥಾವರಗಳ ಖರೀದಿಗೆ ವಿಶ್ವಬ್ಯಾಂಕ್ ಇದನ್ನು ಬಳಸುತ್ತ ಬಂದಿದೆ. ನಮ್ಮ ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರಲ್ಲಿ 163ನೇ ನಿಯಮ ಎರಡು ಲಕೋಟೆಯ ಬಗ್ಗೆ ಹೇಳಿದರೆ, ಅದರ ಮುಂದಿನ 164ನೆಯದು ಎರಡು ಹಂತದ ಬಗ್ಗೆಯೇ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಬೇರೆ ಬೇರೆಯಾಗಿ ಬರೆದಿದ್ದಾರೆ.

164ನೇ ನಿಯಮ ಯಾವಾಗ ಈ ದಾರಿ ಹಿಡಿಯಬಹುದು ಎಂಬುದನ್ನೂ ಸ್ಪಷ್ಟವಾಗಿ ಹೇಳುತ್ತದೆ. ಟೆಂಡರ್‌ದಾರರಿಂದ ತಾಂತ್ರಿಕ ಮಾಹಿತಿ ಪಡೆಯದೆ ಇಲಾಖೆಗೆ ತಾನೇ ವಿವರವಾದ ನಿರ್ದಿಷ್ಟತೆ ಬರೆಯಲು ಸಾಧ್ಯವಿಲ್ಲದಾಗ. ಕೊಳ್ಳುವ ವಸ್ತುವಿನ ತಂತ್ರಜ್ಞಾನ ಅಥವಾ ಮಾರುಕಟ್ಟೆ ಬೇಗಬೇಗ ಬದಲಾಗುತ್ತಿರುವಾಗ. ಸಂಶೋಧನೆ, ಪ್ರಯೋಗದಂಥ ಕೆಲಸಗಳಿಗೆ. ದರ ಹೇಳುವ ಮೊದಲು ಟೆಂಡರ್‌ದಾರರೇ ವಿವರವಾದ ಸಮೀಕ್ಷೆ ನಡೆಸಿ, ಅಪಾಯ ಮತ್ತು ವೆಚ್ಚಗಳನ್ನು ತೂಗಿ ನೋಡಬೇಕಾದಾಗ. ಬಣ್ಣದ ನೀರು ಬೆರೆತ ಊರಿನ ಕೊಳಚೆಗೆ ಮೊದಲನೆಯದು ಮತ್ತು ಕೊನೆಯದು ಎರಡೂ ಪೂರ್ತಿಯಾಗಿ ಅನ್ವಯಿಸುತ್ತವೆ. ಆ ಯುವ ಎಂಜಿನಿಯರ್ ಹಳ್ಳದ ಗುಂಟ ನಡೆದು ಬಾಟಲಿ ತುಂಬಿಕೊಂಡದ್ದೂ ಸಮೀಕ್ಷೆಯೇ.

ಕೆಲಸ ನಡೆಯುವ ರೀತಿ ಹೀಗೆ. ಮೊದಲ ಹಂತದಲ್ಲಿ ಎಲ್ಲರಿಗೂ ತೆರೆದ ಪ್ರಕಟಣೆ ಹೊರಡುತ್ತದೆ. ಅದರಲ್ಲಿ ಪದ್ಧತಿಯ ಹೆಸರು ಇರುವುದಿಲ್ಲ, ಬೇಕಾದ ಫಲ ಇರುತ್ತದೆ. ಒಂದು ಲೆಕ್ಕ ಹಾಕೋಣ. 50,000 ಜನರಿರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬ ರೂಢಿಯ ಮಾನದಂಡ ಹಿಡಿದು, ಅದರಲ್ಲಿ 80 ಪ್ರತಿಶತ ಕೊಳಚೆಯಾಗಿ ಹೊರಬರುತ್ತದೆ ಎಂದುಕೊಂಡರೆ ದಿನಕ್ಕೆ 54 ಲಕ್ಷ ಲೀಟರ್. "ಇಷ್ಟು ನೀರು, ಅದರಲ್ಲಿ ಬಣ್ಣದ ಪಾಲು ಇಷ್ಟು, ಹೊರಗೆ ಬಿಡುವಾಗ ಬಿಒಡಿ, ಬಣ್ಣ, ಉಪ್ಪು ಇಂತಿಷ್ಟನ್ನು ಮೀರಬಾರದು, ನಮ್ಮಲ್ಲಿರುವ ಜಾಗ ಇಷ್ಟು, ಹೇಗೆ ಮಾಡುತ್ತೀರಿ ಹೇಳಿ" ಎಂದು ಕೇಳುವುದೇ ಮೊದಲ ಹಂತದ ದಾಖಲೆಯ ತಿರುಳು. ಹೊರಬಿಡುವ ನೀರಿನ ಮಿತಿಯನ್ನು ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಅಧಿಸೂಚನೆ ಹೊರಡಿಸಿ ಗೊತ್ತುಮಾಡಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಇನ್ನೂ ಬಿಗಿ ಮಾಡಲು ಹೇಳಿತು. ಹಳೆಯ ವರದಿಯ ಅಂಕಿಯನ್ನೇ ಹೊಸ ಟೆಂಡರ್‌ಗೆ ಅಂಟಿಸುವವರು ಇದನ್ನು ಗಮನಿಸಬೇಕು.

ಉತ್ತರಗಳು ಬೇರೆ ಬೇರೆ ರೀತಿಯಲ್ಲಿ ಬರುತ್ತವೆ. ಬರಲೇಬೇಕು. ಒಬ್ಬರು ದೊಡ್ಡ ಕೊಳಗಳನ್ನು ತೋಡಿ ಬಿಸಿಲು, ಪಾಚಿಗಳಿಂದ ಶುದ್ಧ ಮಾಡುತ್ತೇವೆ ಎಂದಾರು. ಅದಕ್ಕೆ ಜಾಗ ಹೆಚ್ಚು ಬೇಕು, ಕರೆಂಟು ಬಹಳ ಕಡಿಮೆ ಸಾಕು. ನಮ್ಮ ಬಿಸಿಲಿಗೆ ಅದು ಹೊಂದುತ್ತದೆ ಕೂಡ. ಇನ್ನೊಬ್ಬರು ಒಂದೇ ತೊಟ್ಟಿಯಲ್ಲಿ ಸರದಿಯ ಮೇಲೆ ತುಂಬುವ, ಗಾಳಿ ಊದುವ, ತಿಳಿಯಾಗಲು ಬಿಡುವ ಎಸ್‌ಬಿಆರ್ ಪದ್ಧತಿ ಹೇಳಿಯಾರು. ಅದು ಇಕ್ಕಟ್ಟಿನ ಜಾಗದಲ್ಲೂ ನಿಲ್ಲುತ್ತದೆ, ಆದರೆ ಕರೆಂಟು ಮತ್ತು ಪಳಗಿದ ಕೈ ಎರಡನ್ನೂ ಬೇಡುತ್ತದೆ. ಮತ್ತೊಬ್ಬರು ಬಣ್ಣದ ಮನೆಗಳ ನೀರಿಗೇ ಬೇರೆ ಸಣ್ಣ ಘಟಕ ಕಟ್ಟಿ, ಉಳಿದದ್ದನ್ನು ಸರಳ ಪದ್ಧತಿಗೆ ಬಿಡೋಣ ಎಂದಾರು. ನಿಮ್ಮ ಸಮಿತಿ ಇವನ್ನೆಲ್ಲ ಓದುತ್ತದೆ. ಯಾರ ಉತ್ತರದಲ್ಲೂ ದರ ಇರುವುದಿಲ್ಲ, ಆದ್ದರಿಂದ ಅಗ್ಗದ್ದರ ಕಡೆ ಮನಸ್ಸು ಎಳೆಯುವ ಪ್ರಸಂಗವೇ ಇಲ್ಲ.

ಆಮೇಲೆ ಚರ್ಚೆ. ಒಬ್ಬರೊಡನೆ ಮಾತನಾಡಿದರೆ, ಅರ್ಹರಾದ ಎಲ್ಲರಿಗೂ ಅದೇ ಅವಕಾಶ ಕೊಡಬೇಕೆಂದು ನಿಯಮವೇ ಹೇಳುತ್ತದೆ. ಚರ್ಚೆಯಲ್ಲಿ ತಿಳಿದದ್ದರ ಮೇಲೆ ದಾಖಲೆಯನ್ನು ತಿದ್ದಬಹುದು. ಒಂದು ನಿರ್ದಿಷ್ಟತೆ ಸೇರಿಸಬಹುದು, ಬದಲಿಸಬಹುದು, ತೆಗೆಯಬಹುದು. ಆದರೆ ಖರೀದಿಯ ಮೂಲ ಸ್ವರೂಪವನ್ನೇ ಬದಲಿಸುವಂತಿಲ್ಲ. ಕೊಳಚೆ ಘಟಕಕ್ಕೆ ಕರೆದು ಕೊನೆಗೆ ಕುಡಿಯುವ ನೀರಿನ ಘಟಕ ಕೊಳ್ಳುವಂತಿಲ್ಲ. ಎರಡನೆಯ ಹಂತದಲ್ಲಿ, ಮೊದಲ ಹಂತದಲ್ಲಿ ತಿರಸ್ಕೃತರಾಗದ ಎಲ್ಲರನ್ನೂ ಕರೆದು, ತಿದ್ದಿದ ದಾಖಲೆಗೆ ಅಂತಿಮ ಪ್ರಸ್ತಾವ ಮತ್ತು ದರ ಕೇಳಬೇಕು. ತಿದ್ದುಪಡಿಯಿಂದಾಗಿ ತನ್ನಿಂದ ಆಗದು ಎನ್ನುವವರು ಸಕಾರಣ ತಿಳಿಸಿ ಹಿಂದೆ ಸರಿಯಬಹುದು. ಅವರ ಠೇವಣಿಯನ್ನು ಮುಟ್ಟುಗೋಲು ಹಾಕುವಂತಿಲ್ಲ, ದಂಡವನ್ನೂ ಹಾಕುವಂತಿಲ್ಲ. ಈ ಕೊನೆಯ ಮಾತು ಸಣ್ಣದೆನಿಸಬಹುದು. ಠೇವಣಿ ಹೋಗುತ್ತದೆಂಬ ಹೆದರಿಕೆ ಇದ್ದರೆ ಸಣ್ಣ ಕಂಪನಿಗಳು ಮೊದಲ ಹಂತಕ್ಕೇ ಬರುವುದಿಲ್ಲ ಎಂಬುದನ್ನು ನಾನು ಅವರ ಪಕ್ಕದಲ್ಲೇ ಕುಳಿತು ಕಂಡಿದ್ದೇನೆ.

ನಮ್ಮ ಕಡೆಯ ಜಾತ್ರೆಗಳ ದನದ ಪೇಟೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನೊಗ ಹೂಡಿ ನಡೆಸಿ ನೋಡುತ್ತಾನೆ, ಸುತ್ತ ನಿಂತವರನ್ನೂ ಕೇಳುತ್ತಾನೆ. ಅದೆಲ್ಲ ಬಯಲಿನಲ್ಲಿ. ಎಲ್ಲ ಮುಗಿದ ಮೇಲೆ ದರದ ಮಾತು ಮಾತ್ರ ಟವೆಲಿನ ಕೆಳಗೆ, ಬೆರಳುಗಳಲ್ಲಿ. ನೋಡುವುದು ಬಹಿರಂಗ, ದರ ಗುಟ್ಟು, ಅದೂ ಕೊನೆಗೆ. ಓದು ಬರಹ ಇಲ್ಲದ ಹಿರಿಯರೂ ಪಾಲಿಸಿಕೊಂಡು ಬಂದ ಈ ಕ್ರಮವನ್ನು ಕೋಟಿಗಟ್ಟಲೆ ರೂಪಾಯಿಯ ಘಟಕಕ್ಕೆ ಯಾಕೆ ಪಾಲಿಸಬಾರದು?

ಎರಡನೆಯ ಹಂತದಲ್ಲಿ ದರ ಕೇಳುವಾಗಲೂ ಎಚ್ಚರ ಬೇಕು. ಪದ್ಧತಿಗಳು ಬೇರೆ ಬೇರೆಯಾದಾಗ ಕಟ್ಟುವ ವೆಚ್ಚವೊಂದನ್ನೇ ಹೋಲಿಸಿದರೆ ಮತ್ತೆ ಮೊದಲಿನ ಹಳ್ಳಕ್ಕೇ ಬೀಳುತ್ತೇವೆ. ಎರಡು ಪ್ರಸ್ತಾವಗಳಿವೆ ಎಂದುಕೊಳ್ಳೋಣ. ಒಂದರ ಕಟ್ಟುವ ವೆಚ್ಚ 80 ಲಕ್ಷ ರೂಪಾಯಿ ಕಡಿಮೆ, ಆದರೆ ಅದು ಇನ್ನೊಂದಕ್ಕಿಂತ 20 ಕಿಲೋವ್ಯಾಟ್ ಹೆಚ್ಚು ಕರೆಂಟನ್ನು ಹಗಲೂ ರಾತ್ರಿ ಎಳೆಯುತ್ತದೆ. 20 ಕಿಲೋವ್ಯಾಟ್, 24 ಗಂಟೆ, 365 ದಿನ: ವರ್ಷಕ್ಕೆ 1,75,200 ಯೂನಿಟ್. ಲೆಕ್ಕಕ್ಕೆ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ವರ್ಷಕ್ಕೆ 12 ಲಕ್ಷ 26 ಸಾವಿರ. ಏಳು ವರ್ಷ ತುಂಬುವಷ್ಟರಲ್ಲಿ ಆ 80 ಲಕ್ಷದ ಉಳಿತಾಯ ಪೂರ್ತಿ ಕರಗಿರುತ್ತದೆ. 15 ವರ್ಷಕ್ಕೆ ಹೆಚ್ಚುವರಿ ಕರೆಂಟಿನ ಬಾಬ್ತೇ 1 ಕೋಟಿ 84 ಲಕ್ಷ. ಕಟ್ಟುವ ಹಣ ಸಾಮಾನ್ಯವಾಗಿ ಮೇಲಿನ ಸರ್ಕಾರದ ಅನುದಾನ. ಕರೆಂಟಿನ ಬಿಲ್ಲು ಮಾತ್ರ ನಿಮ್ಮ ಪುರಸಭೆಯ ಕೊರಳಿಗೆ. ಅಗ್ಗದ ಘಟಕ ಕಟ್ಟಿ, ಬಿಲ್ಲು ಕಟ್ಟಲಾಗದೆ ಯಂತ್ರ ನಿಲ್ಲಿಸುವುದು ಹೀಗೆಯೇ ಶುರುವಾಗುತ್ತದೆ. ಆದ್ದರಿಂದ ಕಟ್ಟುವುದು ಮತ್ತು ಕನಿಷ್ಠ 10 ವರ್ಷ ನಡೆಸುವುದು, ಎರಡರ ವೆಚ್ಚವನ್ನೂ ಕೂಡಿಸಿ ಎಲ್-1 ಯಾರೆಂದು ತೀರ್ಮಾನಿಸುವ ಸೂತ್ರ ಎರಡನೆಯ ಹಂತದ ದಾಖಲೆಯಲ್ಲೇ ಇರಲಿ. ಹೇಳಿದ್ದಕ್ಕಿಂತ ಹೆಚ್ಚು ಕರೆಂಟು ಹಿಡಿದರೆ ಆ ಹೊರೆ ಗುತ್ತಿಗೆದಾರರದೇ ಎಂಬ ಷರತ್ತೂ ಇರಲಿ. ಆಗ ಕೈಪಿಡಿಯ ಅಂಕಿಗಳು ತಾವಾಗಿಯೇ ನಿಜಕ್ಕೆ ಹತ್ತಿರ ಬರುತ್ತವೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ, ಅವುಗಳಲ್ಲಿ ಹುರುಳಿದೆ.

ಟೆಂಡರ್‌ದಾರರೊಡನೆ ಕುಳಿತು ಮಾತನಾಡಿದರೆ ನಾಳೆ ನಮ್ಮ ಮೇಲೆ ಲೋಕಾಯುಕ್ತಕ್ಕೆ ದೂರು ಹೋಗುತ್ತದೆ ಎಂದು ಎಂಜಿನಿಯರರು ಹೆದರುತ್ತಾರೆ. ಇದು ನಿಜವಾದ ಹೆದರಿಕೆ, ಪ್ರಾಮಾಣಿಕರಿಗೇ ಹೆಚ್ಚು. ಆದರೆ ಕೇಂದ್ರ ಜಾಗೃತ ಆಯೋಗ ಮೊದಲಾದವರು ಬೇಡವೆನ್ನುವುದು ದರ ತೆರೆದ ಮೇಲಿನ ಚೌಕಾಸಿಯನ್ನು. ಇಲ್ಲಿ ಮಾತು ನಡೆಯುವಾಗ ದರವೇ ಹುಟ್ಟಿರುವುದಿಲ್ಲ. ಆದರೂ ಕಾವಲು ಬೇಕು. ಚರ್ಚೆ ಸಮಿತಿಯ ಮುಂದೆಯೇ ಆಗಲಿ, ಒಬ್ಬರೇ ಅಧಿಕಾರಿಯ ಕೋಣೆಯಲ್ಲಿ ಬೇಡ. ಪ್ರತಿ ಸಭೆಯ ನಡಾವಳಿಯನ್ನು ಅಂದೇ ಬರೆದು ಇಬ್ಬರೂ ಸಹಿ ಮಾಡಲಿ. ಧ್ವನಿಮುದ್ರಣ ಇರಲಿ. ಸ್ಥಳೀಯ ಎಂಜಿನಿಯರಿಂಗ್ ಕಾಲೇಜಿನ ಪರಿಸರ ವಿಭಾಗದ ಅಧ್ಯಾಪಕರೊಬ್ಬರು ಸಮಿತಿಯಲ್ಲಿರಲಿ. ಬಾಗಲಕೋಟೆಯಲ್ಲೇ ಅಂಥವರು ಸಿಗುತ್ತಾರೆ. ತಿದ್ದುಪಡಿ ಏನೇ ಆದರೂ ಕಾರಣಸಹಿತ ಎಲ್ಲರಿಗೂ ಒಂದೇ ದಿನ ತಲುಪಲಿ. ಮೊದಲ ಹಂತದಲ್ಲಿ ಯಾರನ್ನಾದರೂ ಕೈಬಿಟ್ಟರೆ ಕಾರಣವನ್ನು ಬರಹದಲ್ಲಿ ಕೊಟ್ಟು, ಅವರು ಆಕ್ಷೇಪಿಸಲು ಸಮಯ ಬಿಟ್ಟು, ಆಮೇಲೆಯೇ ಎರಡನೆಯ ಹಂತಕ್ಕೆ ಹೋಗಿ.

ಒಬ್ಬರ ಬುದ್ಧಿಯನ್ನು ಇನ್ನೊಬ್ಬರಿಗೆ ಹೇಳಿದಂತಾಗುವುದಿಲ್ಲವೇ ಎಂಬುದು ಕಂಪನಿಗಳ ಆತಂಕ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಇದೇ. ಬಣ್ಣದ ನೀರನ್ನು ಬೇರೆಯಾಗಿಯೇ ಹಿಡಿಯಬೇಕು ಎಂಬ ತಿಳಿವಳಿಕೆ ಊರಿಗೆ ಸೇರಿದ್ದು, ಅದನ್ನು ಎಲ್ಲರ ದಾಖಲೆಗೂ ಸೇರಿಸಬಹುದು. ಆದರೆ ಅದನ್ನು ಹಿಡಿಯಲು ಒಬ್ಬರು ರೂಪಿಸಿದ ಯಂತ್ರದ ವಿನ್ಯಾಸ ಅವರ ಸ್ವತ್ತು. ಮಾಹಿತಿ ಹಕ್ಕು ಕಾಯ್ದೆ, 2005 ಕೂಡ ವ್ಯಾಪಾರ ಗುಟ್ಟುಗಳಿಗೆ ರಕ್ಷಣೆ ಕೊಟ್ಟಿದೆ. ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದನ್ನು ಮೊದಲ ಪ್ರಕಟಣೆಯಲ್ಲೇ ಹೇಳಿಬಿಡಿ. ಪ್ರಸ್ತಾವದ ಯಾವ ಪುಟಗಳು ಗೋಪ್ಯ ಎಂದು ಕಂಪನಿಗಳೇ ಗುರುತು ಮಾಡಿ ಕೊಡಲಿ.

ಮೊದಲ ಹಂತಕ್ಕೆ ಬಂದವರು ಪರಸ್ಪರ ಪರಿಚಯವಾಗಿ, ಎರಡನೆಯ ಹಂತದಲ್ಲಿ ದರ ಹೊಂದಾಣಿಕೆ ಮಾಡಿಕೊಂಡರೆ? ಆ ಅಪಾಯವೂ ಇದೆ. ಅದಕ್ಕೇ ಚರ್ಚೆಯನ್ನು ಒಬ್ಬೊಬ್ಬರೊಡನೆ ಪ್ರತ್ಯೇಕವಾಗಿ ನಡೆಸುವುದು ಮೇಲು. ಯಾರು ಯಾರು ಬಂದಿದ್ದಾರೆ ಎಂಬ ಪಟ್ಟಿ ದರ ತೆರೆಯುವವರೆಗೆ ಹೊರಗೆ ಬೀಳದಿರುವುದು ಮೇಲು. ನಿಮ್ಮದೇ ಅಂದಾಜು ವೆಚ್ಚ ಗಟ್ಟಿಯಾಗಿದ್ದರೆ ಹೊಂದಾಣಿಕೆಯ ದರ ಕಣ್ಣಿಗೆ ಬೀಳದೆ ಇರದು.

ತಡವಾಗುತ್ತದೆ ಎಂಬ ಮಾತಿಗೆ ನಾನು ಹೆಚ್ಚು ಬರೆಯುವುದಿಲ್ಲ. ಕೆಲವು ತಿಂಗಳು ಹೆಚ್ಚು ಹಿಡಿಯುತ್ತದೆ, ನಿಜ. ಮಾರ್ಚ್ ಅಂತ್ಯದ ಅವಸರಕ್ಕೆ ಸಿಕ್ಕದಂತೆ ಮೊದಲ ಹಂತವನ್ನು ಆರ್ಥಿಕ ವರ್ಷದ ಆರಂಭದಲ್ಲೇ ಶುರುಮಾಡಿ.

ಕಾನೂನಿನ ಪ್ರಶ್ನೆಯನ್ನು ಬಿಡುವಂತಿಲ್ಲ. ಹಣಕಾಸು ನಿಯಮಗಳ 164ನೆಯದು ಕೇಂದ್ರದ ಇಲಾಖೆಗಳಿಗೆ. ನಿಮಗೆ ಅನ್ವಯಿಸುವುದು 1999ರ ರಾಜ್ಯ ಅಧಿನಿಯಮ. ಅದಕ್ಕೇ ನಿಮ್ಮಷ್ಟಕ್ಕೆ ನೀವೇ ಹೊಸ ಪದ್ಧತಿ ಶುರುಮಾಡಿ ಎಂದು ನಾನು ಹೇಳುವುದಿಲ್ಲ, ಹಾಗೆ ಮಾಡಿದರೆ ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬೀಳುವವರು ನೀವೇ. ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ. ನಮ್ಮ ಊರಿನ ಘಟಕಕ್ಕೆ ಎರಡು ಹಂತದಲ್ಲಿ ಟೆಂಡರ್ ಕರೆಯಲು ಲಿಖಿತ ಅನುಮತಿ ಮತ್ತು ಮಾದರಿ ದಾಖಲೆ ಕೊಡಿ ಎಂದು ಪೌರಾಡಳಿತ ಇಲಾಖೆಯನ್ನು, ಅದರ ಮೂಲಕ ಆರ್ಥಿಕ ಇಲಾಖೆಯನ್ನು ಕೇಳಿ. ಯೋಜನೆಗೆ ವಿಶ್ವಬ್ಯಾಂಕಿನಂಥ ಸಂಸ್ಥೆಯ ಸಾಲ ಇದ್ದರೆ ದಾರಿ ಇನ್ನೂ ಸುಲಭ, ಅವರ ದಾಖಲೆಗಳಲ್ಲೇ ಇದಕ್ಕೆ ಕ್ರಮ ಇದೆ. ಅನುಮತಿ ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ. ಅಂದಾಜು ಪಟ್ಟಿ ಮಂಜೂರಾತಿಗೆ ಹೋಗುವ ಮೊದಲೇ ಬಹಿರಂಗ ಪ್ರಕಟಣೆ ಹೊರಡಿಸಿ, ಆಸಕ್ತ ಕಂಪನಿಗಳಿಂದ ತಾಂತ್ರಿಕ ಅಭಿಪ್ರಾಯ ಪಡೆದು, ಆ ಬೆಳಕಿನಲ್ಲಿ ಪಟ್ಟಿಯನ್ನು ತಿದ್ದಿಕೊಳ್ಳಬಹುದು. ಅದು ಎರಡು ಹಂತದ ಟೆಂಡರ್ ಆಗದಿದ್ದರೂ, ಬಾಟಲಿ ಹಿಡಿದು ಬಂದವನ ಪ್ರಶ್ನೆಗೆ ಸಕಾಲದಲ್ಲಿ ಕಿವಿಗೊಟ್ಟಂತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಕೊಡುತ್ತೇನೆ. ರಸ್ತೆಯ ಡಾಂಬರು, ಶಾಲೆಯ ಕಾಂಪೌಂಡು, ಬೀದಿದೀಪದ ಕಂಬ, ಅಂಗನವಾಡಿಯ ಕಟ್ಟಡ ಇವುಗಳಿಗೆ ಎರಡು ಹಂತ ಬೇಡವೇ ಬೇಡ. ಅಲ್ಲಿ ದರಪಟ್ಟಿ ಇದೆ, ನಿರ್ದಿಷ್ಟತೆ ಇದೆ, ಚರ್ಚೆಗೆ ಏನೂ ಉಳಿದಿಲ್ಲ. ಅಂಥ ಕೆಲಸಕ್ಕೂ ಯಾರಾದರೂ ಎರಡು ಹಂತ ಬೇಕು ಎಂದರೆ, ಮೊದಲ ಹಂತದಲ್ಲೇ ಬೇಡದವರನ್ನು ಹೊರಗಟ್ಟುವ ಉದ್ದೇಶ ಅದರ ಹಿಂದಿದೆ ಎಂದು ಸದಸ್ಯರು ಅನುಮಾನಿಸಬೇಕು.

ಸದಸ್ಯರಿಗೆ ಇನ್ನೊಂದು ವಿನಂತಿ. ಟೆಂಡರ್ ವಿಷಯ ಸಭೆಗೆ ಬಂದಾಗ ಎಲ್-1 ಯಾರು, ಅಂದಾಜಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬಲ್ಲಿಗೆ ಚರ್ಚೆ ನಿಂತುಬಿಡುತ್ತದೆ. ಅದಕ್ಕೂ ಮೊದಲು ನೀರಿನ ಪರೀಕ್ಷಾ ವರದಿ ತರಿಸಿ ನೋಡಿ. ಮಾದರಿ ತೆಗೆದ ದಿನಾಂಕ, ಹೊತ್ತು, ಸ್ಥಳ ಕೇಳಿ. ನೇಕಾರಿಕೆಯ ಊರಾದರೆ ಮಗ್ಗ ನಡೆಯುವ ದಿನ, ಬಣ್ಣದ ನೀರು ಬಿಡುವ ಹೊತ್ತಿನಲ್ಲೇ ಮಾದರಿ ತೆಗೆಯಬೇಕೆಂದು, ಬೇಸಿಗೆ ಮತ್ತು ಮಳೆಗಾಲ ಎರಡರಲ್ಲೂ ತೆಗೆಯಬೇಕೆಂದು ಪಟ್ಟು ಹಿಡಿಯಿರಿ. ಬಣ್ಣದ ಮನೆಯವರನ್ನೂ ಕರೆದು ಕೇಳಿ. ಅವರನ್ನು ಅಪರಾಧಿಗಳಂತೆ ನಿಲ್ಲಿಸಬೇಡಿ. ದುಡಿದು ತಿನ್ನುವ ಜನ ಅವರು, ವಾರಕ್ಕೆ ಎಷ್ಟು ಕಡಾಯಿ ಇಳಿಯುತ್ತದೆ ಎಂಬ ಲೆಕ್ಕ ಅವರಲ್ಲಿ ಮಾತ್ರ ಸಿಗುತ್ತದೆ.

ಮೊದಲ ಹಂತದ ದಾಖಲೆ ಹೇಗಿರಬೇಕು ಎಂಬುದರ ಕರಡನ್ನು ನಾನು ಕನ್ನಡದಲ್ಲಿಯೇ ಸಿದ್ಧಪಡಿಸಿ ಕೊಡಬಲ್ಲೆ. ಅದಕ್ಕೆ ಸಂಭಾವನೆ ಬೇಡ, ಸಮಿತಿಯಲ್ಲಿ ಸ್ಥಾನವೂ ಬೇಡ. ಜಿಲ್ಲೆಯ ಯಾವ ಪುರಸಭೆಯಾದರೂ ಕರೆದರೆ ಬಂದು ಕುಳಿತು ವಿವರಿಸುತ್ತೇನೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಈ ವಿಷಯವನ್ನು ಸೇರಿಸುತ್ತೀರೋ ಇಲ್ಲವೋ ಎಂಬುದನ್ನು ಸಭೆಗೆ ಮೊದಲೇ ಸಾರ್ವಜನಿಕವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರ್
ನವನಗರ, ಬಾಗಲಕೋಟೆ